ಬೇಚರಾಕ್ ಊರುಗಳಲ್ಲಿ ನನ್ನ ಸರ್ವೆ

ಸರ್ವೆ ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು, ಓಡಾಡಲು ಗಾಡಿ ಕೊಡುತ್ತಾರೆಯೇ ಎಂದು. ಕೊಡುವುದಿಲ್ಲ. ಆಮೇಲೆ ಕೇಳುವುದು, ಜಮೀನಿನ ಜಗಳದಲ್ಲಿ ನಮಗೂ ಏಟು ಬೀಳುತ್ತದೆಯೇ ಎಂದು. ಒಮ್ಮೊಮ್ಮೆ ಬೀಳುತ್ತದೆ, ಓಡಲು ಬರುವ ಚಪ್ಪಲಿ ಹಾಕಿಕೊಳ್ಳಿ. ಈ ಕೆಲಸದಲ್ಲಿ ಖುಷಿ ಏನಿದೆ ಮೇಡಂ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಿದರೆ ಹೇಳೋಣವೆಂದು ಕಾದು ಕಾದು ಸಾಕಾಗಿ, ನಿವೃತ್ತಿಯಾದ ಮೇಲೆ ನಾನೇ ಬರೆಯಲು ಕೂತಿದ್ದೇನೆ.

ನನ್ನ ಖುಷಿ ಇದ್ದದ್ದು ಬೇಚರಾಕ್ ಗ್ರಾಮಗಳಲ್ಲಿ. ಕಂದಾಯದವರ ಭಾಷೆಯಲ್ಲಿ ಬೇಚರಾಕ್ ಎಂದರೆ ದೀಪ ಹಚ್ಚುವವರಿಲ್ಲದ ಊರು. ಅದಕ್ಕೆ ಹೆಸರಿರುತ್ತದೆ, ನಕಾಶೆ ಇರುತ್ತದೆ, ಗಡಿ ಇರುತ್ತದೆ, ಸರ್ವೆ ನಂಬರುಗಳಿರುತ್ತವೆ. ಮನುಷ್ಯರು ಮಾತ್ರ ಇರುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಮ್ಮ ಕಡೆಯ ಯಾವ ತಾಲ್ಲೂಕಿಗೆ ಹೋದರೂ ಇಂಥವು ಸಿಗುತ್ತವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ನೀಲಗಿರಿ ತೋಪು, ಇಲ್ಲವೇ ಮಾವಿನ ತೋಟ. ಇಳಿದು ನಡೆದರೆ ಕಾಲ ಕೆಳಗೆ ಒಂದು ಊರು. ಬೇರೆ ಸರ್ವೆಯರುಗಳು ಇಂಥ ಊರು ಬಂದರೆ ಮುಖ ಕಿವುಚುತ್ತಿದ್ದರು, ಅಲ್ಲಿ ಕಾಫಿ ಕೊಡುವವರಿಲ್ಲವಲ್ಲ. ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಯಜಮಾನರು, "ಬದುಕಿರೋ ಊರಲ್ಲಿ ನಿಂಗೆ ಕೆಲ್ಸ ಸಿಗ್ಲಿಲ್ವೇನೇ?" ಎಂದು ರೇಗಿಸುತ್ತಿದ್ದರು.

ನಾನು ಹುಟ್ಟಿದ್ದು ಹೋಳೂರಿನಲ್ಲಿ. ಮೊದಲ ಬೇಚರಾಕ್ ಊರು ಸಿಕ್ಕಿದ್ದೂ ಅಲ್ಲಿಗೆ ಹತ್ತಿರದಲ್ಲೇ. ಚಿಕ್ಕವಳಿದ್ದಾಗ ಅದೇ ಹೊಲದ ಬದುವಿನ ಮೇಲೆ ಎಷ್ಟು ಸಲ ನಡೆದಿದ್ದೆನೋ, ಅಲ್ಲಿ ಒಂದು ಊರಿತ್ತೆಂದು ಗೊತ್ತೇ ಇರಲಿಲ್ಲ. ನಮ್ಮ ಮೇಲಧಿಕಾರಿ ರಾಮಕೃಷ್ಣಪ್ಪನವರು ನನ್ನನ್ನು ರಾಗಿ ಹೊಲದ ಮಧ್ಯೆ ನಿಲ್ಲಿಸಿ, "ಊರೊಳಗೆ ನಿಂತಿದ್ದೀಯಮ್ಮ. ಯಾವ ಬೀದಿ ಅಂತ ಹೇಳು ನೋಡೋಣ" ಎಂದರು. ಬಿಸಿಲಿಗೆ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ರಾಮಕೃಷ್ಣಪ್ಪನವರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ನಾನು ಕಣ್ಣು ಕಣ್ಣು ಬಿಡುವುದು ನೋಡಿ ಕೈಲಿದ್ದ ಗೂಟವನ್ನು ನೆಲಕ್ಕೆ ಬಿಸಾಡಿ, ಕೂತು, ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು.

ಮಣ್ಣು ಬೂದು ಬಣ್ಣಕ್ಕಿತ್ತು. ಸುತ್ತಲಿನ ಹೊಲವೆಲ್ಲ ಕೆಂಪು, ಅಷ್ಟು ಜಾಗ ಮಾತ್ರ ಬೂದು. ತಲೆತಲಾಂತರದಿಂದ ಒಲೆಯ ಬೂದಿ ಬಿದ್ದೂ ಬಿದ್ದೂ ಹಾಗಾಗಿತ್ತು. ಅಲ್ಲಿ ರಾಗಿ ಪೈರೂ ಒಂದು ಬಣ್ಣ ಹೆಚ್ಚು ಹಸಿರು. ಆಮೇಲೆ ಅವರು ಒಂದೊಂದಾಗಿ ತೋರಿಸಿದರು: ಮಡಕೆ ಚೂರು ಎಲ್ಲಿ ದಟ್ಟವಾಗಿದೆ, ಹುಣಸೆ ಮರಗಳು ಯಾಕೆ ಸಾಲಾಗಿ ನಿಂತಿವೆ, ಮಳೆನೀರು ಹಳೇ ಓಣಿಯಲ್ಲೇ ಹೇಗೆ ಹರಿಯುತ್ತದೆ. ಅರ್ಧ ಹೂತ ಒರಳುಕಲ್ಲು ಕಂಡರೆ ಅಲ್ಲೊಂದು ಅಡುಗೆಮನೆ. ಆ ಸಂಜೆ ಹೋಳೂರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ನನ್ನ ಅಮ್ಮ, "ಇದನ್ನ ಕಲ್ಯೋಕೆ ಸರ್ಕಾರ ಸಂಬ್ಳ ಕೊಡ್ತದಾ?" ಎಂದು ಕೇಳಿದರು. ಕೊಡುತ್ತದೆ ಎಂದು ನನಗೂ ನಂಬಿಕೆ ಬಂದದ್ದು ಅವತ್ತೇ.

ಕಲಿತದ್ದು ತಲೆಗೇರಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮಾಲೂರು ತಾಲ್ಲೂಕಿನಲ್ಲಿ, ಟೇಕಲ್ ಬೆಟ್ಟ ಕಾಣುವ ಒಂದು ಕಡೆ, ನಕಾಶೆಯಲ್ಲಿ ಊರಿದ್ದ ಜಾಗ ಸಿಗದೆ ನನಗಿಂತ ಮೊದಲು ಹೋದವರು ಕೈ ಚೆಲ್ಲಿದ್ದರು. ನಾನು ಹೋದ ದಿನವೇ ಕಂಡುಹಿಡಿದೆ. ದಿಬ್ಬ ಇತ್ತು, ಬೂದಿ ಮಣ್ಣಿತ್ತು, ಮಡಕೆ ಚೂರಂತೂ ರಾಶಿ ರಾಶಿ. ಇಷ್ಟೊಂದು ಚೂರಿದ್ದರೆ ದೊಡ್ಡ ಪಟ್ಟಣವೇ ಇದ್ದಿರಬೇಕೆಂದು ಬೀದಿಗಳನ್ನೂ ಗುರುತಿಸಿ, ಹಿಗ್ಗಿನಲ್ಲಿ ರಾಮಕೃಷ್ಣಪ್ಪನವರನ್ನು ಕರೆತಂದೆ. ಅವರು ದಿಬ್ಬ ಹತ್ತಿ ನಿಂತು ಸುತ್ತ ನೋಡಿದರು. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಒಬ್ಬ ರೈತ, "ನಮ್ಮಪ್ಪನ ಗೂಡ್ಯಾಕೆ ಅಳೀತಿದ್ದೀರಮ್ಮ?" ಎಂದ.

ಅದು ಹೆಂಚಿನ ಗೂಡು. ಮಾಲೂರಿನ ಸುತ್ತ ಹೆಂಚು, ಇಟ್ಟಿಗೆ ಸುಟ್ಟ ಗೂಡುಗಳಿಗೆ ಬರವೇ? ನಾನು ಬೀದಿ ಎಂದುಕೊಂಡದ್ದು ಗಾಡಿ ತಿರುಗಿಸುತ್ತಿದ್ದ ದಾರಿ. ರಾಮಕೃಷ್ಣಪ್ಪನವರು ಒಂದು ಹೆಂಚಿನ ಚೂರು ತೆಗೆದು ನನ್ನ ಕೈಗಿಟ್ಟು, "ಪಟ್ಟಣದಲ್ಲಿ ಎಲ್ಲಾ ಮನೇದೂ ಸೂರು ಕೆಳಗಿತ್ತೇನಮ್ಮ?" ಎಂದು ಕೇಳಿದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ವರ್ಷಗಟ್ಟಲೆ ನಮ್ಮ ಕಚೇರಿಯಲ್ಲಿ ಯಾರ ಲೆಕ್ಕ ತಪ್ಪಿದರೂ, "ಇದೇನು ಮೇಡಂ ಪಟ್ಟಣವೋ?" ಎಂದು ನಗುತ್ತಿದ್ದರು. ಮಾಲೂರು ಕಡೆ ಕೆಲಸ ಬೀಳುವವರು ಚೂರಿನ ಅಂಚು ಮುಟ್ಟಿ ನೋಡಿ. ಮಡಕೆಯ ಚೂರು ಬಾಗಿರುತ್ತದೆ, ಹೆಂಚಿನದು ಚಪ್ಪಟೆ.

ರಾಮಕೃಷ್ಣಪ್ಪನವರದು ಒಂದು ಕಟ್ಟಪ್ಪಣೆ ಇತ್ತು. ಊರು ಯಾಕೆ ಹಾಳಾಯಿತು ಎಂದು ವರದಿಯಲ್ಲಿ ಬರೆಯಕೂಡದು. "ಎಲ್ಲಿತ್ತು ಅನ್ನೋದು ನಮ್ದು. ಯಾಕೆ ಹೋಯ್ತು ಅನ್ನೋದು ಊರವ್ರದ್ದು" ಎನ್ನುತ್ತಿದ್ದರು. ನಾನು ಬರೆಯುತ್ತಿರಲಿಲ್ಲ, ಆದರೆ ಕೇಳದೆ ಇರಲು ನನ್ನ ಕೈಲಾಗುತ್ತಿರಲಿಲ್ಲ. ಪಕ್ಕದ ಊರಿಗೆ ಹೋಗಿ ಒಂದು ಜಗಲಿ ಮೇಲೆ ಕೂತರೆ ಸಾಕು, ಕಥೆ ತಾನಾಗಿ ಬರುತ್ತಿತ್ತು. ಮಾಸ್ತಿ ಕಡೆ ಒಂದು ಊರಿಗೆ ಬಳೆ ಮಾರುವವಳು ಶಾಪ ಕೊಟ್ಟಿದ್ದಳಂತೆ. ಇನ್ನೊಂದಕ್ಕೆ ಉಪ್ಪು ಮಾರುವವಳು, ಮತ್ತೊಂದಕ್ಕೆ ಚಾಪೆ ಮಾರುವವಳು. ಶಾಪ ಕೊಟ್ಟವರೆಲ್ಲ ತಲೆ ಮೇಲೆ ಹೊತ್ತು ಮಾರುವ ಹೆಂಗಸರೇ ಯಾಕೆ ಎಂಬುದು ನನ್ನನ್ನು ಬಹಳ ಕಾಡಿತು. ಆ ಹೆಂಗಸರಿಗೆ ಊರವರು ಏನೋ ಮಾಡಬಾರದ್ದು ಮಾಡಿದ್ದಾರೆ, ಅದು ಮಾಡಿದವರ ಮನಸ್ಸಿನಲ್ಲಿ ಚುಚ್ಚುತ್ತಲೇ ಉಳಿದಿದೆ ಎಂದು ನನ್ನ ಊಹೆ. ನಿಮಗೆ ಬೇರೆ ಏನಾದರೂ ಹೊಳೆದರೆ ತಿಳಿಸಿ.

ಶ್ರೀನಿವಾಸಪುರದ ಮಾವಿನ ತೋಟಗಳ ನಡುವೆ ಇದ್ದ ಒಂದು ಊರಿನದು ಮಾತ್ರ ಬೇರೆ. ತೋಟ ಕಾಯುವವನು ಕೆಂಪಿರುವೆ ಕಾಟಕ್ಕೆ ಜನ ಓಡಿಹೋದರು ಎಂದ. ಅವನ ಮಾತು ಕೇಳಿ ಪಕ್ಕದ ಹಳ್ಳಿಯ ಒಬ್ಬ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇರುವೇನೂ ಇಲ್ಲ, ದೆವ್ವಾನೂ ಇಲ್ಲಮ್ಮ. ಬಾವಿ ನೀರು ಸವುಳಾಯ್ತು. ಬೇಳೆ ಬೇಯ್ತಾನೇ ಇರ್ಲಿಲ್ಲಂತೆ. ಬೇಳೆ ಬೇಯ್ದೇ ಇರೋ ಊರಲ್ಲಿ ಯಾವ ಸೊಸೆ ನಿಲ್ತಾಳೆ? ಒಬ್ಬೊಬ್ರೇ ಗಂಡಂದ್ರನ್ನ ಎಳ್ಕೊಂಡು ಓದ್ರು." ಇದಕ್ಕಿಂತ ಸರಿಯಾದ ಕಾರಣವನ್ನು ನಾನು ಯಾವ ಊರಿನಲ್ಲೂ ಕೇಳಲಿಲ್ಲ.

ಈ ನಡುವೆ ಅಳೆಯುವ ರೀತಿ ಬದಲಾಯಿತು. ನಾನು ಸೇರಿದಾಗ ಕಬ್ಬಿಣದ ಚೈನು. ಬೇಸಿಗೆಯಲ್ಲಿ ಹಿಡಿದರೆ ಅಂಗೈ ಸುಡುತ್ತಿತ್ತು, ಮುಳ್ಳಿನ ಪೊದೆಗೆ ಸಿಕ್ಕಿದರೆ ಬಿಡಿಸುವುದೇ ಒಂದು ಪೂಜೆ. ಆಮೇಲೆ ಮೂರುಕಾಲಿನ ಮೇಲೆ ನಿಲ್ಲುವ ಯಂತ್ರ ಬಂತು. ಕೊನೆಗೆ ರೋವರ್ ಬಂತು, ಕೋಲಿನ ತುದಿಗೆ ಬಿಳೀ ಡಬ್ಬಿ, ಆಕಾಶದ ಉಪಗ್ರಹಗಳ ಜೊತೆ ಮಾತಾಡಿ ನಾವು ನಿಂತ ಜಾಗವನ್ನು ಹೇಳುತ್ತದೆ. ಇದು ಬಂದ ಮೇಲೆ ಹುಡುಗರು ನೆಲ ನೋಡುವುದನ್ನೇ ಬಿಟ್ಟಿದ್ದಾರೆ, ಅದು ನನಗೆ ಸಿಟ್ಟು. ಆದರೆ ಅದೇ ಡಬ್ಬಿಯಿಂದಾಗಿ ನನ್ನ ಕೆಲಸದ ಅತ್ಯಂತ ವಿಚಿತ್ರವಾದ ಪ್ರಕರಣ ನನ್ನ ಪಾಲಿಗೆ ಬಂತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಿವೃತ್ತಿಗೆ ಸ್ವಲ್ಪ ಮುಂಚೆ ಮುಳಬಾಗಿಲು ತಾಲ್ಲೂಕಿನ ಆಂಧ್ರದ ಗಡಿ ಕಡೆ ಗ್ರಾಮಗಳ ಎಲ್ಲೆಗಳನ್ನು ಹೊಸದಾಗಿ ಗುರುತಿಸುವ ಕೆಲಸ ನಡೆಯುತ್ತಿತ್ತು. ಅಲ್ಲಿ ಎರಡು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಜನರಿರುವ ಊರನ್ನು ಗೊಲ್ಲಮಿಟ್ಟೆ ಎಂದು ಕರೆಯೋಣ, ಬೇಚರಾಕ್ ಊರನ್ನು ಸೀಗೇಪಲ್ಲಿ ಎನ್ನೋಣ. ಊರುಗಳ ನಿಜವಾದ ಹೆಸರು ಬರೆದರೆ ಮದುವೆ ಮನೆಯವರು ನನ್ನನ್ನು ಬಿಟ್ಟಾರೆಯೇ?

ನಾನು ಅಲ್ಲಿ ಕೋಲು ಹಿಡಿದು ಇಳಿದ ದಿನವೇ ಒಬ್ಬ ಹುಡುಗ, ಒಬ್ಬ ಹುಡುಗಿ ಬೈಕಿನಲ್ಲಿ ಬಂದು ಅಡ್ಡ ನಿಂತರು. ಹುಡುಗ ಮಂಜುನಾಥ, ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಹುಡುಗಿ ಶೋಭಾ, ಫ್ಯಾಕ್ಟರಿ ಬಸ್ಸಿನಲ್ಲಿ ದಿನಾ ಕೆಲಸಕ್ಕೆ ಹೋಗಿ ಬರುವವಳು. ಮಾತೆಲ್ಲ ಅವಳದೇ.

"ಮೇಡಂ, ಸೀಗೇಪಲ್ಲಿ ಗಡಿ ಇವ್ರ ಮನೆಗಿಂತ ಈಚೆ ಬರುತ್ತಾ, ಆಚೆ ಬರುತ್ತಾ?"

"ಯಾಕಮ್ಮ? ಜಮೀನು ತಕರಾರಾ?"

"ನಮ್ ಮದ್ವೆ ತಕರಾರು ಮೇಡಂ" ಎಂದಳು.

ವಿಷಯ ಹೀಗಿತ್ತು. ಶೋಭಾಳ ಅಜ್ಜಿ ವೆಂಕಟಮ್ಮನ ಕಾಲಕ್ಕೂ ಹಿಂದೆ ಸೀಗೇಪಲ್ಲಿಗೆ ಪ್ಲೇಗು ಬಂದಿತ್ತು. ಬದುಕುಳಿದವರು ದಿಕ್ಕಾಪಾಲಾದರು. ಮಂಜುನಾಥನ ಮನೆತನದವರು ಈಚೆ ಬಂದು ಗೊಲ್ಲಮಿಟ್ಟೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡರು. ರೋಗದ ಊರಿನ ಬೆಂಕಿ ತರಬಾರದೆಂದು ಅವರು ಒಲೆ ಆರಿಸಿಯೇ ಬಂದಿದ್ದರು. ಯಾರೂ ಅವರ ಹತ್ತಿರ ಸುಳಿಯದಿದ್ದಾಗ, ಶೋಭಾಳ ಮನೆತನದ ಒಬ್ಬ ಹೆಂಗಸು ತನ್ನ ಒಲೆಯಿಂದ ಕೆಂಡ ತೆಗೆದುಕೊಂಡು ಹೋಗಿ ಅವರ ಒಲೆಗೆ ಹಾಕಿಬಂದಳು. ಆ ಕಡೆಯ ಪದ್ಧತಿಯಲ್ಲಿ ಊರು ಬಿಟ್ಟು ಬಂದವರಿಗೆ ಕೆಂಡ ಕೊಟ್ಟ ಮನೆಯೂ ಕೆಂಡ ತಗೊಂಡ ಮನೆಯೂ ಒಂದೇ ಒಲೆಯವರು. ಅಂದರೆ ಅಣ್ಣ ತಂಗಿಯರು. ಸಾವಿಗೆ ಸೂತಕ ಹಿಡಿಯುವುದಿಲ್ಲ, ಆದರೆ ಹೆಣ್ಣು ಕೊಟ್ಟು ತರುವಂತೆಯೂ ಇಲ್ಲ. ಎರಡು ಮನೆಗಳ ಜಾತಿ ಒಂದೇ, ಗೋತ್ರದ ಹಾಗೆ ನೋಡುವ ಬೆಡಗು ಬೇರೆ, ಜಾತಕವೂ ಕೂಡಿತ್ತು. ಅಡ್ಡ ನಿಂತದ್ದು ಆ ಒಂದು ಕೆಂಡ.

ಮಂಜುನಾಥನ ತಂದೆ ನಾರಾಯಣಪ್ಪ ಇದಕ್ಕೆ ಒಂದು ಉಪಾಯ ತೆಗೆದಿದ್ದರು. ತಮ್ಮ ಮನೆ ಇರುವುದು ಊರಿನ ಕಟ್ಟಕಡೆಗೆ. ಆ ಜಾಗ ಸೀಗೇಪಲ್ಲಿಯ ಎಲ್ಲೆಯೊಳಗೇ ಇದ್ದರೆ ತಾವು ಊರು ಬಿಟ್ಟೇ ಇಲ್ಲ. ಊರು ಬಿಡದವರು ಪಕ್ಕದ ಮನೆಯಿಂದ ಕೆಂಡ ತಂದರೆ ಅದು ಬರೀ ಕೆಂಡ, ದಿನಾ ಎಲ್ಲರೂ ತರುತ್ತಿದ್ದದ್ದೇ. ವೆಂಕಟಮ್ಮ ಈ ವಾದವನ್ನು ಒಪ್ಪಿದ್ದರು. ಆದರೆ ಗಡಿ ಎಲ್ಲಿದೆ ಎಂದು ಹೇಳುವವರು ಬೇಕಿತ್ತು. ಆ ಹೊತ್ತಿಗೆ ಸರಿಯಾಗಿ ನಾನು ಹೋಗಿದ್ದೆ.

ಎಷ್ಟೋ ಗಡಿಗಳನ್ನು ಅಳೆದಿದ್ದೇನೆ. ಆಸ್ತಿಗಾಗಿ, ದಾರಿಗಾಗಿ, ಒಂದು ಬೇವಿನ ಮರಕ್ಕಾಗಿ ಜನ ಹೊಡೆದಾಡುವುದನ್ನು ನೋಡಿದ್ದೇನೆ. ಒಂದು ಮದುವೆ ನನ್ನ ಕೋಲಿನ ತುದಿಯಲ್ಲಿ ನಿಂತದ್ದು ಅದೇ ಮೊದಲು. ನನಗೆ ಭಯವಾಯಿತು. ಆ ಹುಡುಗಿ ನನ್ನನ್ನು ನೋಡುತ್ತಿದ್ದ ರೀತಿಗೆ ಇನ್ನೂ ಹೆಚ್ಚು ಭಯವಾಯಿತು.

ಉಪಗ್ರಹ ಏನೇ ಹೇಳಲಿ, ಹಳೇ ಕಲ್ಲು ಸಿಗದೆ ಗಡಿ ನಿಲ್ಲುವುದಿಲ್ಲ. ಮೂರು ಗ್ರಾಮಗಳ ಎಲ್ಲೆ ಕೂಡುವ ಕಡೆ ಒಂದು ಕಲ್ಲು ಹುಗಿದಿರುತ್ತಾರೆ, ಅದು ಸಿಕ್ಕರೆ ಉಳಿದದ್ದೆಲ್ಲ ಸಿಕ್ಕಂತೆ. ನೀಲಗಿರಿ ತೋಪಿನಲ್ಲಿ ನಮ್ಮ ಕೆಲಸದವರ ಜೊತೆ ಮಂಜುನಾಥನೂ ಗುದ್ದಲಿ ಹಿಡಿದು ಅಗೆದ. ವೆಂಕಟಮ್ಮ ಮರದ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತು, "ಸರಿಗ್ಗಾ ಚೂಡಮ್ಮಾ, ಸರಿಗ್ಗಾ ಚೂಡು" ಎಂದು ತೆಲುಗಿನಲ್ಲಿ ನನಗೆ ಎಚ್ಚರಿಕೆ ಹೇಳುತ್ತಲೇ ಇದ್ದರು. ಸರಿಯಾಗಿ ನೋಡು ಎನ್ನುವುದು ಆಕೆಯ ದನಿಯಲ್ಲಿ ಬೆದರಿಕೆಯಂತೆಯೂ ಕೇಳಿಸುತ್ತಿತ್ತು, ಬೇಡಿಕೆಯಂತೆಯೂ ಕೇಳಿಸುತ್ತಿತ್ತು. ಕಲ್ಲು ಸಿಕ್ಕಿತು. ಬೇರು ಅದನ್ನು ಸುತ್ತಿಕೊಂಡಿತ್ತು, ಆದರೆ ಅಲುಗಾಡಿರಲಿಲ್ಲ.

ಅಲ್ಲಿಂದ ಎಲ್ಲೆ ಹಿಡಿದು ನಡೆದೆ. ಇಡೀ ಊರು ನನ್ನ ಹಿಂದೆ. ಗೆರೆ ನಾರಾಯಣಪ್ಪನ ಮನೆಯ ಹಿತ್ತಲಿಗೆ ಬಂತು, ತಿಪ್ಪೆಯನ್ನು ದಾಟಿತು, ದನದ ಕೊಟ್ಟಿಗೆಯ ಆಚೆ ಗೋಡೆಗೆ ತಾಗಿಕೊಂಡು ಹೊರಟುಹೋಯಿತು. ಮನೆಯೊಳಕ್ಕೆ ಬರಲಿಲ್ಲ. ಕೊಟ್ಟಿಗೆಯ ಅಗಲದಷ್ಟು ಅಂತರದಲ್ಲಿ ಮನೆ ಗೊಲ್ಲಮಿಟ್ಟೆಗೆ ಸೇರಿತ್ತು.

ಮಂಜುನಾಥ ಹತ್ತಿರ ಬಂದು ಮೆಲ್ಲಗೆ, "ಸ್ವಲ್ಪ ಅಡ್ಜಸ್ಟ್ ಮಾಡಕ್ಕಾಗಲ್ವಾ ಮೇಡಂ? ಕೊಟ್ಟಿಗೆಯಷ್ಟೇ ಅಲ್ವಾ?" ಎಂದ.

"ಒಂದು ಬೆರಳು ಅಗಲಾನೂ ಆಗಲ್ಲಪ್ಪ. ನಾನು ಸುಳ್ಳು ಹೇಳಿದ್ರೂ ಕಲ್ಲು ಹೇಳಲ್ಲ" ಎಂದೆ. ಹೇಳಿದ್ದು ಸರಿಯೇ. ಆದರೂ ಅವನ ಮುಖ ನೋಡಲು ನನಗೆ ಆಗಲಿಲ್ಲ. ಆ ಗಳಿಗೆಯಲ್ಲಿ ಈ ಕೆಲಸವೇ ಬೇಡವಾಗಿತ್ತು ಎನ್ನಿಸಿತು.

ವೆಂಕಟಮ್ಮ ಎದ್ದು ಬಂದು ಕೊಟ್ಟಿಗೆಯ ಗೋಡೆಯನ್ನು ಮುಟ್ಟಿ ನೋಡಿದರು. ಆಕೆ ಗೆದ್ದವರಂತೆ ಕಾಣಲಿಲ್ಲ. "ನಾನೇನ್ ಮಾಡ್ಲಿ? ನಮ್ಮತ್ತೆ ಸಾಯೋವಾಗ ಹೇಳಿ ಓದ್ರು, ಆ ಮನೆ ಹುಡುಗ್ರು ನಿನ್ ಮಕ್ಳು ಅಂತ. ಇವ್ನಿಗೆ ಜ್ವರ ಬಂದಾಗ ನನ್ ತೊಡೆ ಮೇಲೆ ಮಲಗ್ಸ್ಕೊಂಡಿದ್ದೀನಿ. ಮಗ ಅಂದವ್ನನ್ನ ಅಳಿಯ ಅನ್ನಕ್ಕೆ ನಂಗೆ ಬಾಯಿ ಬರ್ಬೇಕಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟು ಹೊತ್ತು ಮುಖ ಊದಿಸಿಕೊಂಡು ನಿಂತಿದ್ದ ಶೋಭಾ ಒಮ್ಮೆಲೇ, "ಅಜ್ಜೀ, ಬಂದವ್ರು ವಾಪಸ್ ಊರಿಗೆ ಓದ್ರೆ?" ಎಂದಳು.

"ಎಲ್ಲಿಗೇ ಓಗೋದು?"

"ಅದೇ, ಅವ್ರ ಊರಿಗೆ. ಸೀಗೇಪಲ್ಲಿಗೆ. ಆಗ್ಲೂ ನಮ್ಮನೇವ್ರೇನಾ?"

ಇಷ್ಟು ವರ್ಷಗಳಲ್ಲಿ ಇಂಥ ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ, ಯಾಕೆಂದರೆ ಹಾಳಾದ ಊರಿಗೆ ವಾಪಸು ಹೋದವರೇ ಇರಲಿಲ್ಲ. ಅಲ್ಲಿದ್ದ ಹಿರಿಯರೆಲ್ಲ ವೆಂಕಟಮ್ಮನ ಬಾಯಿ ನೋಡಿದರು. ಆಕೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಗಿದು ಮುಗಿಸಿ ಉಗಿದರು. ಕೊನೆಗೆ, "ತಗೊಂಡಿದ್ ಕೆಂಡ ವಾಪಸ್ ಕೊಟ್ಟು, ಅವ್ರ ನೆಲದಲ್ಲಿ ಅವ್ರದ್ದೇ ಒಲೆ ಹಚ್ಕೊಂಡ್ರೆ, ಆಮೇಲೆ ನಮ್ದೇನೈತೆ? ಅವ್ರು ಬೇರೆ ಊರೋರು" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಮುದುಕಿಯ ಮುಖದಲ್ಲಿ ನಗು ಬಂದಿತ್ತು.

ಕೆಂಡ ವಾಪಸು ಕೊಟ್ಟ ದಿನವನ್ನು ನೀವು ನೋಡಬೇಕಿತ್ತು. ನಾರಾಯಣಪ್ಪನ ಮನೆಯಲ್ಲಿ ಅಡುಗೆಯೆಲ್ಲ ಗ್ಯಾಸಿನಲ್ಲಿ, ಕೆಂಡ ಎಲ್ಲಿಂದ ತರುವುದು? ಸ್ನಾನದ ನೀರು ಕಾಯಿಸುವ ಹಂಡೆ ಒಲೆಯಿಂದ ತೆಗೆದು, ಹೆಂಚಿನ ಚೂರಿನ ಮೇಲಿಟ್ಟುಕೊಂಡು, ನಾರಾಯಣಪ್ಪ ತಲೆಗೆ ಟವಲು ಸುತ್ತಿ ಬೀದಿಯಲ್ಲಿ ನಡೆದರು. ಇಸಿದುಕೊಳ್ಳುವ ಕಡೆಯೂ ಅದೇ ಪಾಡು. ವೆಂಕಟಮ್ಮನ ಅಡುಗೆಮನೆಯಲ್ಲೂ ಗ್ಯಾಸೇ. ಆಕೆಯ ಬಚ್ಚಲು ಒಲೆಗೇ ಹಾಕಿದರು. "ಇಷ್ಟ್ ದಿನ ಕಾಪಾಡಿದ್ರಲ್ಲ, ಅದೇ ದೊಡ್ಡದು" ಎಂದು ನಾರಾಯಣಪ್ಪ ಕೈಮುಗಿದಾಗ, ತಮಾಷೆ ಮಾಡಿಕೊಂಡು ಬಂದಿದ್ದ ಹುಡುಗರೂ ಕೈಮುಗಿದರು.

ಅವರು ಸೀಗೇಪಲ್ಲಿಯಲ್ಲಿ ಒಲೆ ಹೂಡುವ ಮೊದಲು ಹಳೇ ಊರಿನ ನಿವೇಶನ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ನನ್ನನ್ನು ಕರೆದರು. ಈ ಸಲ ಡಬ್ಬಿಯನ್ನು ಪಕ್ಕಕ್ಕಿಟ್ಟು ಮಣ್ಣು ನೋಡಿದೆ, ಚೂರು ನೋಡಿದೆ. ಹುಣಸೆ ಮರದಡಿ ಮೂರು ಕಲ್ಲಿಟ್ಟು, ಅಂಗಡಿಯಿಂದ ತಂದ ಹೊಸ ಬೆಂಕಿಪೊಟ್ಟಣದಿಂದ ನಾರಾಯಣಪ್ಪನ ಹೆಂಡತಿ ಒಲೆ ಹಚ್ಚಿ ಹಾಲು ಉಕ್ಕಿಸಿದರು. ಬೇಚರಾಕ್ ಗ್ರಾಮದಲ್ಲಿ ಬೆಂಕಿ ಉರಿಯುವುದನ್ನು ನಾನು ನೋಡಿದ್ದು ಅದೊಂದೇ ಸಲ. ಲಗ್ನಪತ್ರಿಕೆಯಲ್ಲಿ ವರನ ಊರು ಸೀಗೇಪಲ್ಲಿ ಎಂದೇ ಅಚ್ಚಾಯಿತು. ಪತ್ರಿಕೆ ಕೈಗೆ ಸಿಕ್ಕ ನೆಂಟರು ಅದ್ಯಾವ ಊರು, ಬಸ್ಸೆಷ್ಟು ಹೊತ್ತಿಗೆ ಎಂದು ಫೋನು ಮಾಡಿ ಮಾಡಿ ಅವರ ತಲೆ ತಿಂದರಂತೆ.

ಮದುವೆ ಮುಳಬಾಗಿಲಿನ ಛತ್ರದಲ್ಲಿ ಆಯಿತು. ಊಟ ಮಾಡಿ ಹೊರಡೋಣವೆಂದಿದ್ದ ನನ್ನನ್ನು ಶೋಭಾ ಬಿಡಲಿಲ್ಲ. ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದು ವರನ ಊರಿನಲ್ಲೇ ಆಗಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ದಂಡ ಎಂದು ವೆಂಕಟಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ವ್ಯಾನು ಹೋಗುವವರೆಗೆ ಹೋಗಿ, ಉಳಿದ ದಾರಿ ರೇಷ್ಮೆ ಸೀರೆ ಎತ್ತಿ ಹಿಡಿದು ಎಲ್ಲರೂ ನಡೆದೆವು. ಸೀಗೇಪಲ್ಲಿಯಲ್ಲಿ ಮನೆ ಎಂದು ಉಳಿದದ್ದು ಒಂದೇ, ಲಂಟಾನ ಪೊದೆ ಕಡಿದಾಗ ಸಿಕ್ಕಿದ ಒಂದು ಕಲ್ಲಿನ ಹೊಸ್ತಿಲು. ಯಾರ ಮನೆಯದೋ ಯಾರಿಗೂ ಗೊತ್ತಿಲ್ಲ. ಗೋಡೆಯಿಲ್ಲ, ಸೂರಿಲ್ಲ, ಎರಡೂ ಕಡೆ ಹುಲ್ಲು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಇಟ್ಟು, ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು.

ಶೋಭಾ ಅದರ ಮುಂದೆ ಬಂದು ನಿಂತಳು. ಹೆಂಗಸರು ಆರತಿ ಎತ್ತಿದರು. ಬಲಗಾಲು ಎತ್ತಿದವಳು ಹಾಗೇ ತಡೆದು ನಿಂತು, ಆ ಕಡೆ ಹುಲ್ಲು ನೋಡಿದಳು, ಈ ಕಡೆ ಹುಲ್ಲು ನೋಡಿದಳು. ಪುರೋಹಿತರನ್ನು ಕೇಳಲಿಲ್ಲ, ಅತ್ತೆಯನ್ನು ಕೇಳಲಿಲ್ಲ. ತಿರುಗಿ ನನ್ನನ್ನು ಹುಡುಕಿ ಕೇಳಿದಳು.

"ಮೇಡಂ, ಒಳಗಡೆ ಯಾವ ಕಡೆ?"

ಜನ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ನಾನು ಬಗ್ಗಿ ನೋಡಿದೆ. ಕಲ್ಲಿನ ಒಂದು ಅಂಚಿನಲ್ಲಿ, ಬಾಗಿಲು ತಿರುಗಿ ತಿರುಗಿ ನುಣುಪಾಗಿದ್ದ ಸಣ್ಣ ಗುಳಿ ಇತ್ತು. ಹಳೇ ಮನೆಗಳ ಬಾಗಿಲು ತೆರೆಯುತ್ತಿದ್ದದ್ದು ಒಳಕ್ಕೆ.

"ಈ ಗುಳಿ ಇರೋ ಕಡೆ ಒಳಗೆ ಕಣಮ್ಮ. ನೀನೀಗ ನಿಂತಿರೋದು ಒಳಗಡೆ, ಸುತ್ಕೊಂಡು ಹೊರಗಡೆಗೆ ಬಾ" ಎಂದೆ.

ಇಡೀ ದಿಬ್ಬಣ ಆರತಿ ತಟ್ಟೆ ಸಮೇತ ಇಲ್ಲದ ಗೋಡೆಯನ್ನು ಬಳಸಿಕೊಂಡು ಹೊರಗೆ ಬಂತು. ಹೊಸ್ತಿಲಿನ ಮೇಲೆ ನಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಶೋಭಾ ಸೇರು ಒದ್ದಳು. ಅಕ್ಕಿ ಹುಲ್ಲಿನ ಮೇಲೆ ಚೆಲ್ಲಿತು. ಅವಳು ತಲೆ ತಗ್ಗಿಸಿ, ಬಾಗಿಲು ಎಲ್ಲಿ ತಗಲುತ್ತದೋ ಎನ್ನುವಂತೆ ಬಗ್ಗಿಕೊಂಡು, ಒಳಗೆ ಹೋದಳು.